ಓಡುವ ದಾರಿ, ನಡೆಯುವ ಕಾನು

ಕಳೆದ ತಿಂಗಳು ಶ್ರೀಮಠದಲ್ಲಿ ನಡೆದ ಆರೋಗ್ಯ ತಪಾಸಣಾ ಶಿಬಿರಕ್ಕೆ ಬಂದವರಲ್ಲಿ ಎರಡು ಬಗೆಯ ಜನ ನಮ್ಮನ್ನು ಒಂದೇ ಪ್ರಶ್ನೆ ಕೇಳಿದರು. ಒಂದು ಬಗೆಯವರು ಪೊಲೀಸ್ ಮತ್ತು ಸೇನೆಯ ನೇಮಕಾತಿಗೆ ತಯಾರಿ ನಡೆಸಿರುವ ತರುಣ ತರುಣಿಯರು. ಇನ್ನೊಂದು ಬಗೆಯವರು, ಸಕ್ಕರೆ ಕಾಯಿಲೆಯೋ ರಕ್ತದ ಒತ್ತಡವೋ ಕಾಣಿಸಿಕೊಂಡ ಮೇಲೆ ದಿನಾ ಮೈ ಬೆವರುವಂತೆ ನಡೆಯಬೇಕೆಂದು ವೈದ್ಯರಿಂದ ಹೇಳಿಸಿಕೊಂಡ ನಡುವಯಸ್ಸಿನವರು. ಎಷ್ಟು ಓಡಬೇಕು, ಎಷ್ಟು ಹೊತ್ತು ನಡೆಯಬೇಕು ಎಂಬುದನ್ನು ಎಲ್ಲರೂ ಹೇಳುತ್ತಾರೆ. ಯಾವ ದಾರಿಯಲ್ಲಿ ಎಂಬುದನ್ನು ಯಾರೂ ಹೇಳುವುದಿಲ್ಲ ಎಂಬುದು ಅವರ ದೂರು.

ಹಾಗೆ ಕೇಳಿದ ತರುಣನೊಬ್ಬನ ಬಲಗೈಗೆ ಪ್ಲಾಸ್ಟರ್ ಹಾಕಿತ್ತು. ಬೆಳಗಿನ ಐದು ಗಂಟೆಗೆ ಹೆದ್ದಾರಿಯ ಅಂಚಿನಲ್ಲಿ ಓಡುತ್ತಿದ್ದಾಗ ಹಿಂದಿನಿಂದ ಬಂದ ಬೈಕು ತಗುಲಿ ಬಿದ್ದನಂತೆ. ಊರ ಸುತ್ತ ಇಷ್ಟೊಂದು ನಿಶ್ಶಬ್ದವಾದ ದಾರಿಗಳಿರುವಾಗ ಹೆದ್ದಾರಿಗೇ ಏಕೆ ಹೋದೆಯಪ್ಪಾ ಎಂದೆವು. ‘ಅಲ್ಲಿ ಕಿಲೋಮೀಟರ್ ಕಲ್ಲು ಇರ್ತಾವೆ ಸರ್, ಅಳತೆ ಸಿಗ್ತದೆ’ ಎಂದ. ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಯ ಪರೀಕ್ಷೆಯಲ್ಲಿ ಪುರುಷರು 1600 ಮೀಟರ್ ದೂರವನ್ನು ಆರೂವರೆ ನಿಮಿಷದೊಳಗೆ ಓಡಿ ಮುಗಿಸಬೇಕು. ಮಹಿಳೆಯರಿಗೆ 400 ಮೀಟರ್, ಎರಡು ನಿಮಿಷ. ಒಂದು ಕುಟುಂಬದ ಮುಂದಿನ ಮೂವತ್ತು ವರ್ಷದ ಅನ್ನ ಆ ಆರೂವರೆ ನಿಮಿಷದಲ್ಲಿ ತೂಗುತ್ತಿರುವಾಗ ಅಳತೆ ಬೇಕೆನ್ನುವ ಹುಡುಗನನ್ನು ಬೈಯುವುದು ಸರಿಯಲ್ಲ. ಅಳತೆಯೂ ಇರಬೇಕು, ಪ್ರಾಣವೂ ಉಳಿಯಬೇಕು, ಮೊಣಕಾಲೂ ಉಳಿಯಬೇಕು. ಅಂಥ ದಾರಿ ಯಾವುದು ಎಂಬುದನ್ನೇ ಈ ಸಂಚಿಕೆಯಲ್ಲಿ ವಿಚಾರಿಸುತ್ತೇವೆ. ನಾವು ಮೂವತ್ತೈದು ವರ್ಷಗಳಿಂದ ವೈದ್ಯವೃತ್ತಿ ನಡೆಸಿರುವುದು ಸೊರಬ, ಸಾಗರ, ಶಿಕಾರಿಪುರದ ಸೀಮೆಯಲ್ಲಿ. ಆದ್ದರಿಂದ ಉದಾಹರಣೆಗಳೂ ಅಲ್ಲಿಯವೇ. ಬಯಲುಸೀಮೆಯ ಸದ್ಭಕ್ತರು ಕಾನಿನ ಮಾತನ್ನು ಬಿಟ್ಟು ಉಳಿದದ್ದನ್ನು ತಮ್ಮ ಊರಿಗೆ ಹೊಂದಿಸಿಕೊಳ್ಳಬಹುದು.

ದಾರಿಗೆ ಮೊದಲು ಬಲದ ವಿಚಾರ. ವಾಗ್ಭಟಾಚಾರ್ಯರು ಅಷ್ಟಾಂಗಹೃದಯದ ದಿನಚರ್ಯಾ ಅಧ್ಯಾಯದಲ್ಲಿ ವ್ಯಾಯಾಮಕ್ಕೆ ಒಂದು ಗೆರೆ ಎಳೆದಿದ್ದಾರೆ. ಬಲವುಳ್ಳವರು, ಅದರಲ್ಲೂ ಜಿಡ್ಡಿನಂಶವುಳ್ಳ ಆಹಾರವನ್ನು ಉಣ್ಣುವವರು, ಚಳಿಗಾಲದಲ್ಲಿ ಮತ್ತು ವಸಂತದಲ್ಲಿ ತಮ್ಮ ಶಕ್ತಿಯ ಅರ್ಧದಷ್ಟು ವ್ಯಾಯಾಮ ಮಾಡಬೇಕು. ಉಳಿದ ಕಾಲದಲ್ಲಿ ಅದಕ್ಕಿಂತಲೂ ಮೃದುವಾಗಿ. ಸುಶ್ರುತರು ಎಲ್ಲ ಋತುಗಳಲ್ಲಿಯೂ ದಿನದಿನವೂ ವ್ಯಾಯಾಮ ಬೇಕೆನ್ನುತ್ತಾರೆ, ಆದರೆ ಅರ್ಧಬಲದ ಗೆರೆಯನ್ನು ದಾಟಲು ಅವರೂ ಬಿಡುವುದಿಲ್ಲ. ಅರ್ಧ ಎಂಬುದನ್ನು ತಿಳಿಯುವುದು ಹೇಗೆ? ಎದೆಯಲ್ಲಿರುವ ವಾಯು ಬಾಯಿಗೆ ಬಂದಾಗ, ಅಂದರೆ ಮೂಗಿನ ಉಸಿರು ಸಾಲದೆ ಬಾಯಿ ತೆರೆಯಬೇಕಾಗಿ ಬಂದಾಗ, ಅರ್ಧಶಕ್ತಿ ಮುಗಿಯಿತು ಎಂದು ಅವರು ಗುರುತು ಕೊಡುತ್ತಾರೆ. ಹಣೆ, ಮೂಗು, ಕಂಕುಳು, ಕೈಕಾಲಿನ ಸಂದುಗಳಲ್ಲಿ ಬೆವರು ಮೂಡುವುದು, ಬಾಯಿ ಒಣಗುವುದು ಇವನ್ನೂ ಮುಂದಿನವರು ಸೇರಿಸಿದ್ದಾರೆ. ಕೈಗಡಿಯಾರದಂಥ ಯಂತ್ರಗಳು ಈಗ ನಾಡಿಬಡಿತವನ್ನು ಎಣಿಸಿ ತೋರಿಸುತ್ತವೆ. ಬೇಡವೆನ್ನುವುದಿಲ್ಲ. ಆದರೆ ಜೊತೆಗಾರನೊಡನೆ ಒಂದು ಪೂರ್ಣ ವಾಕ್ಯ ಆಡಲು ಉಸಿರು ಉಳಿದಿದೆಯೇ ಎಂಬ ಪರೀಕ್ಷೆಗೆ ದುಡ್ಡು ಬೇಕಿಲ್ಲ.

ಮಿತಿ ಮೀರಿದರೆ ಏನಾಗುತ್ತದೆ ಎಂಬುದನ್ನು ವಾಗ್ಭಟರು ಪಟ್ಟಿಯಾಗಿಯೇ ಕೊಟ್ಟಿದ್ದಾರೆ: ಬಾಯಾರಿಕೆ, ಧಾತುಕ್ಷಯ, ಉಸಿರಾಟದ ತೊಂದರೆ, ರಕ್ತಸ್ರಾವ, ಬಳಲಿಕೆ, ಕೆಮ್ಮು, ಜ್ವರ, ವಾಂತಿ. ಆನೆಯನ್ನು ಎಳೆಯಲು ಹೋದ ಸಿಂಹದ ಗತಿಯಾಗುತ್ತದೆ ಎಂದು ಒಂದು ಹೋಲಿಕೆಯನ್ನೂ ಇಟ್ಟಿದ್ದಾರೆ. ಸಿಂಹಕ್ಕೆ ಬಲವಿಲ್ಲ ಎಂದು ಯಾರೂ ಹೇಳಲಾರರು. ಹಿಡಿದದ್ದನ್ನು ಬಿಡದಿರುವುದೇ ಅದರ ಕೇಡು. ನೇಮಕಾತಿಯ ದಿನ ಹತ್ತಿರ ಬಂತೆಂದು ದಿನವೂ ಹತ್ತು ಕಿಲೋಮೀಟರ್ ಪೂರ್ಣವೇಗದಲ್ಲಿ ಓಡಿ, ಮೊಣಕಾಲ ಕೆಳಗಿನ ಮೂಳೆ ಮುಟ್ಟಿದರೆ ನೋಯುವ ಸ್ಥಿತಿಯಲ್ಲಿ ನಮ್ಮಲ್ಲಿಗೆ ಬರುವ ಹುಡುಗರನ್ನು ಕಂಡಾಗಲೆಲ್ಲ ಈ ಸಿಂಹ ನೆನಪಾಗುತ್ತದೆ. ಅವರಿಗೆ ನಾವು ಹೇಳುವುದಿಷ್ಟು. ಅರ್ಧಶಕ್ತಿ ನಿಂತಲ್ಲೇ ನಿಲ್ಲುವ ಅಳತೆಯಲ್ಲ. ಇಂದಿನ ಅರ್ಧ ಮೂರು ತಿಂಗಳ ನಂತರ ನಿಮ್ಮ ಮೂರನೆಯ ಒಂದು ಪಾಲಷ್ಟೇ ಆಗಿರುತ್ತದೆ, ಏಕೆಂದರೆ ಅಷ್ಟರಲ್ಲಿ ಒಟ್ಟು ಬಲವೇ ಬೆಳೆದಿರುತ್ತದೆ. ವಾರಕ್ಕೆ ಒಂದು ದಿನ ಗಡಿಯಾರ ಹಿಡಿದು 1600 ಮೀಟರ್ ಓಡಿ ನೋಡಿ. ನಾಲ್ಕು ದಿನ ಮಾತಾಡಬಲ್ಲ ವೇಗದಲ್ಲಿ ಓಡಿ. ಎರಡು ದಿನ ಬಿಡಿ. ಬಿಟ್ಟ ದಿನವೂ ತಯಾರಿಯ ದಿನವೇ.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ಜಿಡ್ಡಿನ ಆಹಾರ ಉಣ್ಣುವವರಿಗೆ ಎಂದು ಆಚಾರ್ಯರು ಹೇಳಿದ್ದು ಸುಮ್ಮನೆ ಅಲ್ಲ. ಖಾಲಿ ಹೊಟ್ಟೆಯಲ್ಲಿ ಓಡಿ ಬಂದು ಎರಡು ಲೋಟ ಚಹಾ, ನಾಲ್ಕು ಬಿಸ್ಕತ್ತು ತಿಂದು ಮಧ್ಯಾಹ್ನದವರೆಗೆ ಇರುವ ಹುಡುಗರು ಓಟದಿಂದ ಬಲವನ್ನು ಗಳಿಸುವುದಿಲ್ಲ, ಇದ್ದದ್ದನ್ನು ಖರ್ಚು ಮಾಡುತ್ತಾರೆ. ರೊಟ್ಟಿಗೆ ಬೆಣ್ಣೆ, ಗಂಜಿಗೆ ಒಂದು ಚಮಚ ತುಪ್ಪ, ಹುರುಳಿ ಅಥವಾ ಹೆಸರುಕಾಳು, ಹಾಲು, ಇವು ನಮ್ಮ ಮನೆಗಳಲ್ಲಿ ಇರುವಂಥವೇ. ಬಿಸಿಲಿನ ದಿನಗಳಲ್ಲಿ ಓಡಿ ಬಂದ ಮೇಲೆ ಮುರುಗಲು ಹಣ್ಣಿನ ಪಾನಕಕ್ಕೆ ಚಿಟಿಕೆ ಉಪ್ಪು, ಒಂದಿಷ್ಟು ಬೆಲ್ಲ ಹಾಕಿ ಕುಡಿಯಿರಿ. ಡಬ್ಬಿಯಲ್ಲಿ ಬರುವ ಬಣ್ಣದ ಪುಡಿಯ ಅಗತ್ಯ ನಮಗೆ ಕಂಡಿಲ್ಲ.

ಈಗ ದಾರಿ. ಆಯುರ್ವೇದ ನೆಲವನ್ನು ಜಾಂಗಲ, ಆನೂಪ, ಸಾಧಾರಣ ಎಂದು ಮೂರು ಬಗೆಯಾಗಿ ನೋಡುತ್ತದೆ. ನೀರು, ನೆರಳು, ದಟ್ಟ ಗಿಡಮರ ಹೆಚ್ಚಿರುವ ನಮ್ಮ ಮಲೆನಾಡು ಆನೂಪ. ಇಲ್ಲಿ ಕಫ ಬೇಗ ಸೇರುತ್ತದೆ, ದೇಹ ಜಡವಾಗುತ್ತದೆ. ಆದ್ದರಿಂದ ಇಲ್ಲಿಯವರಿಗೆ ವ್ಯಾಯಾಮ ಬಯಲಿನವರಿಗಿಂತ ಹೆಚ್ಚು ಅಗತ್ಯ. ಹಿಂದೆ ಗದ್ದೆ ಕೆಲಸ, ಸೊಪ್ಪು ಹೊರುವುದು, ಕೊಟ್ಟಿಗೆ ಕೆಲಸ ಇದನ್ನು ತಾವೇ ನೋಡಿಕೊಳ್ಳುತ್ತಿದ್ದವು. ಈಗ ಟಿಲ್ಲರ್ ಬಂದಿದೆ, ಅಡಿಕೆ ಸುಲಿಯುವ ಯಂತ್ರ ಬಂದಿದೆ. ತೋಟಕ್ಕೆ ಹೋಗುವುದೂ ಬೈಕಿನಲ್ಲಿಯೇ. ಮಲೆನಾಡಿನಲ್ಲಿ ಸಕ್ಕರೆ ಕಾಯಿಲೆ ಹೇಗೆ ಬಂತೆಂದು ಕೇಳುವವರಿಗೆ ನಾವು ತೋಟದ ಬೇಲಿಗೆ ಒರಗಿಸಿದ ಬೈಕನ್ನು ತೋರಿಸುತ್ತೇವೆ.

ಟಾರು ಮತ್ತು ಸಿಮೆಂಟು ರಸ್ತೆ ಓಟಕ್ಕೆ ಕೊನೆಯ ಆಯ್ಕೆಯಾಗಿರಲಿ. ಪಾದ ಬಡಿದಾಗ ಆ ನೆಲ ಒಂದಿಷ್ಟೂ ತಗ್ಗುವುದಿಲ್ಲ. ಪೆಟ್ಟನ್ನು ಪೂರ್ತಿಯಾಗಿ ಮೂಳೆ, ಸಂದುಗಳೇ ತಾಳಬೇಕು. ವಾಹನವಂತೂ ಇದ್ದೇ ಇದೆ. ಅಲ್ಲಿ ಓಡಲೇಬೇಕಾದರೆ ಎದುರಿನಿಂದ ಬರುವ ವಾಹನ ಕಣ್ಣಿಗೆ ಕಾಣುವಂತೆ ಬಲಬದಿಯಲ್ಲಿ, ಬಿಳಿ ಅಂಗಿ ತೊಟ್ಟು, ಬೆಳಕು ಹರಿದ ಮೇಲೆ ಓಡಬೇಕು. ಗದ್ದೆಯ ಅಂಚು ಮೆತ್ತಗಿದೆ, ನಿಜ. ಆದರೆ ಅಗಲ ಒಂದು ಪಾದದಷ್ಟು, ಪಾದ ಹೊರಳಿದರೆ ಕಣಕಾಲು ಉಳುಕುತ್ತದೆ. ಅದು ನಡೆಯುವ ದಾರಿ. ಓಟಕ್ಕೆ ನಾವು ಮೆಚ್ಚಿರುವುದು ಎರಡನ್ನು: ಕೆರೆ ಏರಿ ಮತ್ತು ಬಂಡಿದಾರಿ.

ಕೆರೆ ಏರಿಯ ಗುಣ ಹೇಳಿದಷ್ಟೂ ಮುಗಿಯದು. ಅದು ಮಣ್ಣಿನದು, ತುಳಿದು ತುಳಿದು ಗಟ್ಟಿಯಾದದ್ದು, ಆದರೆ ಕಲ್ಲಿನಂತೆ ಬಿರುಸಲ್ಲ. ಉದ್ದಕ್ಕೂ ಸಮತಟ್ಟು. ಒಂದು ಬದಿಗೆ ನೀರು, ಇನ್ನೊಂದು ಬದಿಗೆ ಗದ್ದೆ ತೋಟ, ಹೀಗಾಗಿ ಗಾಳಿ ಸದಾ ಆಡುತ್ತದೆ. ಸೊರಬ, ಶಿಕಾರಿಪುರ ತಾಲ್ಲೂಕುಗಳಲ್ಲಿ ಕೆರೆಯಿಲ್ಲದ ಊರನ್ನು ಹುಡುಕಬೇಕು. ಗುಡವಿಯ ಕೆರೆಗೆ ದೂರದ ಹಕ್ಕಿಗಳು ಬರುತ್ತವೆಂದು ಅದು ಪಕ್ಷಿಧಾಮವೇ ಆಗಿದೆ. ಅಂಥಲ್ಲಿ ಓಡುವುದು ಬೇಡ, ಹಕ್ಕಿಗಳಿಗೂ ಅವುಗಳ ಬೆಳಗು ಬೇಕು. ಊರ ಸಾಧಾರಣ ಕೆರೆಯೇ ಸಾಕು. ಅಳತೆಯ ಚಿಂತೆ ಇರುವವರು ಸೈಕಲ್ ಚಕ್ರಕ್ಕೆ ಒಂದು ಬಟ್ಟೆಯ ಚೂರು ಕಟ್ಟಿ, ಚಕ್ರದ ಒಂದು ಸುತ್ತನ್ನು ಟೇಪಿನಲ್ಲಿ ಅಳೆದುಕೊಂಡು, ಏರಿಯ ಉದ್ದಕ್ಕೂ ತಳ್ಳಿ ಸುತ್ತು ಎಣಿಸಿದರೆ ದೂರ ಸಿಗುತ್ತದೆ. ನೂರು ನೂರು ಮೀಟರಿಗೆ ಸುಣ್ಣ ಬಳಿದ ಒಂದೊಂದು ಕಲ್ಲು ಇಟ್ಟರೆ ಹೆದ್ದಾರಿಯ ಕಲ್ಲಿಗಿಂತ ಒಳ್ಳೆಯ ಅಳತೆಯಾಯಿತು. ಎಚ್ಚರ ಒಂದೇ: ಏರಿಯ ಕಲ್ಲುಸಂದು, ಹುಲ್ಲುಗಳಲ್ಲಿ ಕೊಳಕುಮಂಡಲ ಹಾವು ಇರುತ್ತದೆ. ಕತ್ತಲಲ್ಲಿ ಹೋಗಬಾರದು. ಬ್ರಾಹ್ಮೀ ಮುಹೂರ್ತದಲ್ಲಿ ಏಳಿರಿ ಎಂದು ಶಾಸ್ತ್ರ ಹೇಳಿದೆ. ಆಗಲೇ ಓಡಿರಿ ಎಂದು ಹೇಳಿಲ್ಲ. ಎದ್ದು ಶೌಚ, ಮುಖಮಾರ್ಜನ, ಇಷ್ಟಲಿಂಗ ಪೂಜೆ ಮುಗಿಸಿ, ಮೈಗೆ ಒಂದಿಷ್ಟು ಎಳ್ಳೆಣ್ಣೆ ತಿಕ್ಕಿಕೊಳ್ಳುವಷ್ಟರಲ್ಲಿ ಬೆಳಕು ಬಂದಿರುತ್ತದೆ.

ಬಂಡಿದಾರಿಯೆಂದರೆ ಊರಿನಿಂದ ಗೋಮಾಳ ದಾಟಿ, ತೋಟಗಳ ಹಿಂಬದಿಯಿಂದ ಪಕ್ಕದ ಊರಿಗೆ ಹೋಗುವ ಹಳೆಯ ದಾರಿ. ಟಾರು ರಸ್ತೆ ಬಂದ ಮೇಲೆ ಅದನ್ನು ಕೇಳುವವರಿಲ್ಲ. ನಾವೇ ದಿನವೂ ಹೋಗುವ ದಾರಿ ಅಂಥದ್ದು. ಮನೆಯಿಂದ ಕೆರೆ ಏರಿಗೆ, ಏರಿಯಿಂದ ಕೋಡಿ ದಾಟಿ ಜಂಬಿಟ್ಟಿಗೆ ಮಣ್ಣಿನ ಬಂಡಿದಾರಿಗೆ. ಅಲ್ಲಿ ಎರಡೂ ಬದಿಗೆ ಲಂಟಾನ, ನಡುನಡುವೆ ನೇರಳೆ, ಹೊನ್ನೆ, ತಾರೆ ಮರಗಳು. ಚಕ್ರ ಹಾದ ಎರಡು ಜಾಡುಗಳಲ್ಲಿ ಮಣ್ಣು ಹದವಾಗಿರುತ್ತದೆ, ನಡುವೆ ಹುಲ್ಲು. ಇಬ್ಬರು ಮಾತಾಡಿಕೊಂಡು ಓಡಲು ಹೇಳಿ ಮಾಡಿಸಿದಂತಿದೆ. ಹೀಗೆ ಮುಕ್ಕಾಲು ಗಂಟೆ ಹೋದರೆ ದಾರಿ ಒಂದು ಕಾನಿನ ಬಾಯಿಗೆ ಬಂದು ನಿಲ್ಲುತ್ತದೆ. ಒಳಗೆ ಹಗಲಿನಲ್ಲಿಯೂ ಸಂಜೆಯ ಬೆಳಕು. ಓಟ ಅಲ್ಲಿಗೆ ಮುಗಿಯಬೇಕು.

ಕಾನು ಎಂದರೆ ಬರಿಯ ಕಾಡಲ್ಲ ಎಂಬುದನ್ನು ಹೊರಗಿನ ಸದ್ಭಕ್ತರಿಗಾಗಿ ಹೇಳಬೇಕು. ಎಲೆ ಉದುರಿಸುವ ಸಾಧಾರಣ ಕಾಡಿನ ನಡುವೆ, ತಗ್ಗಿನಲ್ಲಿ, ನೀರಿನ ಒರತೆಯನ್ನು ಸುತ್ತುವರಿದು ವರ್ಷವಿಡೀ ಹಸಿರಾಗಿರುವ ಹಳೆಯ ಮರಗಳ ಗುಂಪು ಅದು. ಹಲಸು, ಮಾವು, ಬೈನೆ, ದಾಲ್ಚಿನ್ನಿ, ರಾಮಪತ್ರೆ, ಉಪ್ಪಗೆ, ಅವುಗಳಿಗೆ ಹಬ್ಬಿದ ಕಾಡುಮೆಣಸಿನ ಬಳ್ಳಿ. ಊರವರು ಮೆಣಸು ಕೊಯ್ಯುತ್ತಿದ್ದರು, ಬೈನೆ ಇಳಿಸುತ್ತಿದ್ದರು, ಆದರೆ ಹಸಿಮರಕ್ಕೆ ಕೊಡಲಿ ಇಡುತ್ತಿರಲಿಲ್ಲ. ಚೌಡಿಯೋ ಭೂತನೋ ಅಲ್ಲಿದ್ದಾನೆಂಬ ಭಯವೂ ಅದಕ್ಕೆ ಕಾವಲಾಗಿತ್ತು. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಬ್ರಿಟಿಷ್ ಸರ್ಕಾರದ ಅಧಿಕಾರಿಗಳು ಸೊರಬ ತಾಲ್ಲೂಕಿನ ಕಾನುಗಳ ಮೇಲೆಯೇ ಒಂದು ಜಂಟಿ ವರದಿ ಬರೆದರೆಂದರೆ, ಅಂದಿಗೇ ಇವು ಎಷ್ಟು ಹಳೆಯವೂ ವಿಶೇಷವೂ ಆಗಿ ಕಂಡಿದ್ದವೆಂದು ಊಹಿಸಬಹುದು. ಕೊಡಗಿನಲ್ಲಿ ಇಂಥವನ್ನು ದೇವರಕಾಡು ಎನ್ನುತ್ತಾರೆ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲಿ ಬೇರುಗಳು ಮಂಡಿಯಂತೆ ಮೇಲೆದ್ದು ನಿಂತ ರಾಮಪತ್ರೆ ಜಾತಿಯ ಮರಗಳ ಜೌಗು ಇದೆ. ಅಂಥದ್ದು ಈಗ ಬಹಳ ಕಡೆ ಉಳಿದಿಲ್ಲ.

ಇಂಥ ನೆರಳಿನಲ್ಲಿ ಕಾಲು ಗಂಟೆ ಇದ್ದರೂ ನಾಡಿ ಇಳಿಯುತ್ತದೆ ಎಂಬುದು ನಮ್ಮ ಹಿರಿಯರ ಅನುಭವ. ಜಪಾನಿನವರು ಇದನ್ನು ಅಳೆದು ನೋಡಿದ್ದಾರೆ. 1982ರಲ್ಲಿ ಅಲ್ಲಿನ ಅರಣ್ಯ ಇಲಾಖೆ ‘ಶಿನ್‌ರಿನ್ ಯೋಕು’, ಅಂದರೆ ಕಾಡಿನಲ್ಲಿ ಮೀಯುವುದು, ಎಂಬ ಹೆಸರಿನಲ್ಲಿ ಜನರನ್ನು ಕಾಡಿಗೆ ಕರೆಯತೊಡಗಿತು. 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 24 ಕಾಡುಗಳಲ್ಲಿ 280 ತರುಣರನ್ನು ಪರೀಕ್ಷಿಸಲಾಯಿತು. ಪೇಟೆಯಲ್ಲಿದ್ದಾಗಿನದಕ್ಕಿಂತ ಕಾಡಿನಲ್ಲಿದ್ದಾಗ ಅವರ ನಾಡಿಬಡಿತ, ರಕ್ತದ ಒತ್ತಡ, ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಮೂರೂ ಕಡಿಮೆಯಿದ್ದವು. ಇದನ್ನು ಓದಿದವರು ಒಂದು ವಿವರವನ್ನು ಮರೆಯುತ್ತಾರೆ: ಆ ತರುಣರು ಕಾಡಿನಲ್ಲಿ ಓಡಲಿಲ್ಲ. ಸುಮ್ಮನೆ ಕುಳಿತು ನೋಡಿದರು, ನಿಧಾನವಾಗಿ ನಡೆದರು, ಅಷ್ಟೇ. ಕಾನಿನ ಲಾಭ ಸಿಗುವುದು ನಿಧಾನಕ್ಕೆ. ಅಲ್ಲಿ ಓಡಿದರೆ ಬೇರಿಗೆ ಕಾಲು ಎಡವುತ್ತದೆ, ತರಗೆಲೆಯ ಕೆಳಗೆ ಏನಿದೆಯೆಂದು ಕಾಣುವುದಿಲ್ಲ, ಮುಂಜಾನೆ ಮರಳುತ್ತಿರುವ ಕರಡಿ ಎದುರಾದರೆ ಬೆಚ್ಚಿ ಮೈಮೇಲೆ ಬೀಳುತ್ತದೆ.

ಇವೆಲ್ಲಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಅದನ್ನು ಬರೆಯಲೆಂದೇ ಈ ಲೇಖನವನ್ನು ಕಾರ್ತಿಕದ ಸಂಚಿಕೆಗೆ ಕೊಟ್ಟಿದ್ದೇವೆ.

1957ರ ಬೇಸಿಗೆಯ ಆರಂಭದಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಲಿನ ಊರುಗಳಲ್ಲಿ ಜನರಿಗೂ ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹೊಸದೊಂದು ವೈರಾಣುವನ್ನು ಗುರುತಿಸಿದರು. ಜಗತ್ತಿನ ವೈದ್ಯಗ್ರಂಥಗಳಲ್ಲಿ ಅದಕ್ಕೆ ಕ್ಯಾಸನೂರು ಅರಣ್ಯ ಕಾಯಿಲೆ ಎಂದು ನಮ್ಮೂರಿನ ಹೆಸರೇ ನಿಂತಿತು. ನಮ್ಮ ಜನರ ಬಾಯಲ್ಲಿ ಅದು ಮಂಗನ ಕಾಯಿಲೆ. ಹರಡುವುದು ಮಂಗವಲ್ಲ, ಉಣುಗು. ಸಾಸಿವೆಯಷ್ಟು ಚಿಕ್ಕದಾದ ಮರಿ ಉಣುಗು ತರಗೆಲೆಯಲ್ಲಿ, ಹುಲ್ಲಿನ ತುದಿಯಲ್ಲಿ ಕಾದಿರುತ್ತದೆ. ಮುಸುವ ಮತ್ತು ಕೆಂಪು ಮಂಗ ಈ ರೋಗಕ್ಕೆ ನಮಗಿಂತ ಬೇಗ ಬಲಿಯಾಗುತ್ತವೆ. ಸತ್ತ ಮಂಗದ ಮೈಯಿಂದ ಇಳಿದ ಉಣುಗುಗಳಿಂದ ಆ ಜಾಗ ಅಪಾಯದ್ದಾಗುತ್ತದೆ. ಮನುಷ್ಯನಿಂದ ಮನುಷ್ಯನಿಗೆ ಇದು ಹರಡುವುದಿಲ್ಲ. ಪುಣೆಯ ತಂಡದೊಡನೆ ಇಲ್ಲಿ ಕೆಲಸ ಮಾಡಿದ ಬೊಶೆಲ್ ಎಂಬ ವಿಜ್ಞಾನಿ 1969ರಲ್ಲಿ ಬರೆದದ್ದನ್ನು ನಾವು ಬಹಳ ಮುಖ್ಯವೆಂದು ತಿಳಿದಿದ್ದೇವೆ. ಕಾಡು ಕಡಿದು ಗದ್ದೆ ಮಾಡಿ, ಉಳಿದ ಅಂಚಿನಲ್ಲಿ ದನ ಮೇಯಿಸಿದಾಗ ಉಣುಗುಗಳು ಮಿತಿಮೀರಿ ಬೆಳೆದವು ಎಂಬುದು ಅವರ ವಾದ. ಹಾಗಾದರೆ ಕಾನಿಗಿಂತ ಕಾನಿನ ಅಂಚೇ, ದನಗಳು ತಿರುಗಾಡುವ ಪೊದೆಯ ಜಾಗವೇ, ಹೆಚ್ಚು ಎಚ್ಚರ ಬೇಡುವ ಸ್ಥಳ. ಓಡುವವರು ಸಾಧಾರಣವಾಗಿ ಆರಿಸುವುದು ಅದನ್ನೇ.

ಇಲ್ಲಿ ನಮ್ಮದೊಂದು ತಪ್ಪನ್ನು ಹೇಳಿಕೊಳ್ಳಬೇಕು. ಸುಮಾರು ಇಪ್ಪತ್ತು ವರ್ಷಗಳ ಹಿಂದೆ, ಮಂಡಿನೋವು ಮತ್ತು ಮೈಭಾರಕ್ಕೆಂದು ಬಂದಿದ್ದ ತಾಯಿಯೊಬ್ಬರಿಗೆ ದಿನವೂ ಕಾನಿನವರೆಗೆ ನಡೆದು ಬನ್ನಿ ಎಂದು ಸಲಹೆ ಕೊಟ್ಟೆವು. ಫಾಲ್ಗುಣ ಮಾಸ. ಒಳ್ಳೆಯ ಗಾಳಿ, ಒಳ್ಳೆಯ ನೆರಳು ಎಂದಷ್ಟೇ ನಮ್ಮ ತಲೆಯಲ್ಲಿ ಇದ್ದದ್ದು. ಹೇಗೂ ಹೋಗುತ್ತೇನಲ್ಲ ಎಂದು ಅವರು ಬರುವಾಗ ಕೊಟ್ಟಿಗೆಗೆ ಒಂದು ಹೊರೆ ದರಕು ತರತೊಡಗಿದರು. ಮೂರನೆಯ ವಾರ ಜ್ವರ ಬಂತು. ತಲೆನೋವು, ಮೈಕೈ ನೋವು, ಕಣ್ಣು ಕೆಂಪು. ಪಿತ್ತಜ್ವರವೆಂದು ಬಗೆದು ಎರಡು ದಿನ ಕಷಾಯ ಕೊಟ್ಟೆವು. ಮೂರನೆಯ ದಿನ ವಸಡಿನಲ್ಲಿ ರಕ್ತ ಕಂಡಾಗ ನಮ್ಮ ಕೈಕಾಲು ತಣ್ಣಗಾದವು. ಆ ಹೊತ್ತಿಗೇ ಜಿಲ್ಲಾ ಆಸ್ಪತ್ರೆಗೆ ಕಳುಹಿಸಿದೆವು. ಅವರು ಬದುಕಿದರು. ಆದರೆ ಜ್ವರ ಇಳಿದು ಮತ್ತೆ ಮರುಕಳಿಸಿತು, ಎರಡು ತಿಂಗಳು ಕೈ ನಡುಗುತ್ತಿತ್ತು, ಲೋಟ ಹಿಡಿಯಲು ಆಗುತ್ತಿರಲಿಲ್ಲ. ಆ ದಾರಿಯನ್ನು ತೋರಿಸಿದವರು ನಾವೇ. ಅಂದಿನಿಂದ ನಡೆಯಿರಿ ಎಂದು ಹೇಳುವಾಗ ಎಲ್ಲಿ, ಯಾವ ತಿಂಗಳು ಎಂಬುದನ್ನು ಚೀಟಿಯಲ್ಲಿ ಬರೆದೇ ಕೊಡುತ್ತೇವೆ.

ತೊಡಕು ಏನೆಂದರೆ, ಹೇಮಂತ, ಶಿಶಿರ, ವಸಂತಗಳೇ ಚೆನ್ನಾಗಿ ವ್ಯಾಯಾಮ ಮಾಡುವ ಕಾಲವೆಂದು ವಾಗ್ಭಟರು ಹೇಳಿದ್ದಾರೆ. ಮಂಗನ ಕಾಯಿಲೆಯ ಕಾಲವೂ ಬಹುಮಟ್ಟಿಗೆ ಅದೇ. ಡಿಸೆಂಬರಿನಲ್ಲಿ ಶುರುವಾಗಿ ಮೊದಲ ಮಳೆ ಬೀಳುವ ಮೇ ಕೊನೆಯವರೆಗೆ, ಅದರಲ್ಲಿಯೂ ಜನವರಿಯಿಂದ ಏಪ್ರಿಲ್‌ವರೆಗೆ ಅದರ ಹಾವಳಿ ಹೆಚ್ಚು. ಮೈಗೆ ಓಟ ಹಿತವಾಗಿರುವ ದಿನಗಳಲ್ಲೇ ಕಾನು ಅಹಿತ. ಇದನ್ನು ಬಿಡಿಸಿಕೊಳ್ಳಲು ನಾವು ಹೀಗೆ ಮಾಡುತ್ತಿದ್ದೇವೆ. ಮಾರ್ಗಶಿರದಿಂದ ವೈಶಾಖದವರೆಗೆ ಓಟವೆಲ್ಲ ಕೆರೆ ಏರಿ ಮತ್ತು ಊರ ಬಯಲಿನ ಬಂಡಿದಾರಿಯಲ್ಲಿ. ಕಾನು ಕಂಡ ಕೂಡಲೇ, ಅದರ ಅಂಚಿಗೂ ಹೋಗದೆ, ಹಿಂದಿರುಗುವುದು. ಚೈತ್ರ ಕಳೆದ ಮೇಲೆ ಬಿಸಿಲೇರುವ ಮುಂಚೆ ಮುಗಿಸುವುದು. ಜ್ಯೇಷ್ಠ ಆಷಾಢಗಳನ್ನು ಗ್ರಂಥಗಳು ಗ್ರೀಷ್ಮ ಎಂದರೂ ನಮ್ಮಲ್ಲಿ ಮಳೆ ಆಗಲೇ ಹಿಡಿದಿರುತ್ತದೆ. ಪಂಚಾಂಗ ನೋಡದೆ ಆಕಾಶ ನೋಡಿ ಋತು ತಿಳಿಯಬೇಕು. ಮಳೆಗಾಲದಲ್ಲಿ ಜಠರಾಗ್ನಿ ಮಂದ, ಏರಿ ಜಾರುತ್ತದೆ, ಕಾನಿನಲ್ಲಿ ಇಂಬಳ. ಜಗುಲಿಯಲ್ಲಿ ಯೋಗಾಸನ, ಒಂದಿಷ್ಟು ದಂಡ ಬಸ್ಕಿ ಸಾಕು. ಆಶ್ವಯುಜ ಕಾರ್ತಿಕಗಳಲ್ಲಿ ಮಳೆ ಹಿಂದಾಗಿ ಹಳ್ಳ ತಿಳಿಯಾಗಿ ಹರಿಯುವಾಗ, ಬಿಸಿಲು ಚೆನ್ನಾಗಿ ಏರಿದ ಮೇಲೆ, ಮಕ್ಕಳು ಹಿರಿಯರನ್ನು ಕರೆದುಕೊಂಡು ಕಾನಿಗೆ ಹೋಗಿ ನಡೆಯುವುದು. ಆಗಲೂ ದಾರಿ ಬಿಟ್ಟು ಇಳಿಯುವಂತಿಲ್ಲ, ತರಗೆಲೆಯ ಮೇಲೆ ಕುಳಿತುಕೊಳ್ಳುವಂತಿಲ್ಲ.

ಕೆಲಸದ ನಿಮಿತ್ತ ಬೇಸಿಗೆಯಲ್ಲಿ ಕಾಡಿಗೆ ಹೋಗಲೇಬೇಕಾದವರು ತುಂಬುತೋಳಿನ ಅಂಗಿ, ಉದ್ದ ಪ್ಯಾಂಟು ತೊಟ್ಟು, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಬೇಕು. ಉಣುಗು ಹತ್ತದಂತೆ ಹಚ್ಚಿಕೊಳ್ಳುವ ಡೇಪಾ ಎಣ್ಣೆಯನ್ನು ರೋಗವಿರುವ ಕಡೆ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಕೊಡುತ್ತಾರೆ. ಬೇವಿನೆಣ್ಣೆ ಸಾಲದೇ ಎಂದು ನಮ್ಮನ್ನು ಕೇಳುತ್ತಾರೆ. ಆಯುರ್ವೇದ ವೈದ್ಯರಾದ ನಾವೇ ಸಾಲದು ಎನ್ನುತ್ತೇವೆ. ಮನೆಗೆ ಬಂದೊಡನೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಬಿಸಿನೀರಿನಲ್ಲಿ ಸ್ನಾನ ಮಾಡಿ, ಕಂಕುಳು, ತೊಡೆಸಂದು, ಕಿವಿಯ ಹಿಂಭಾಗವನ್ನು ನೋಡಿಕೊಳ್ಳಬೇಕು. ಕಚ್ಚಿಕೊಂಡ ಉಣುಗನ್ನು ಚಿಮುಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರವಾಗಿ ಎಳೆಯಬೇಕು. ಸೀಮೆಎಣ್ಣೆ ಹಾಕುವುದು, ಬೀಡಿಯಿಂದ ಸುಡುವುದು, ಉಗುರಿನಲ್ಲಿ ಹಿಸುಕುವುದು ಕೂಡದು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೋ ಆಶಾ ಕಾರ್ಯಕರ್ತೆಗೋ ತಿಳಿಸಿ. ಉಣುಗು ಕಚ್ಚಿ ಮೂರರಿಂದ ಎಂಟು ದಿನದೊಳಗೆ ಇದ್ದಕ್ಕಿದ್ದಂತೆ ಜ್ವರ, ಸಹಿಸಲಾಗದ ತಲೆನೋವು, ಸೊಂಟ ಮತ್ತು ಕಾಲುಗಳ ನೋವು ಬಂದರೆ ನಮ್ಮಲ್ಲಿಗೆ ಬರಬೇಡಿ. ನೇರವಾಗಿ ಸರ್ಕಾರಿ ಆಸ್ಪತ್ರೆಗೆ ಹೋಗಿ ರಕ್ತಪರೀಕ್ಷೆ ಮಾಡಿಸಿ. ಕಾಡಿಗೆ ಹೋಗಿದ್ದೆ ಎಂಬ ಮಾತನ್ನು ಕೇಳದಿದ್ದರೂ ಹೇಳಿ. ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಬೇಡಿ, ರಕ್ತಸ್ರಾವ ಹೆಚ್ಚಾಗಬಹುದು. ವೈರಾಣುವನ್ನೇ ಕೊಲ್ಲುವ ಔಷಧ ಯಾವ ಪದ್ಧತಿಯಲ್ಲಿಯೂ ಇಲ್ಲ. ನೂರರಲ್ಲಿ ಮೂರರಿಂದ ಐದು ರೋಗಿಗಳು ಸಾಯುವ ಕಾಯಿಲೆಯಿದು. ಬೇಗ ಸೇರಿದವರಿಗೆ ಆಸ್ಪತ್ರೆಯ ಆರೈಕೆ ಪ್ರಾಣ ಉಳಿಸುತ್ತದೆ. ಹಿಂದೆ ಕೊಡುತ್ತಿದ್ದ ಲಸಿಕೆಯ ರಕ್ಷಣೆ ಸಾಲದೆಂದು ಅದನ್ನು ನಿಲ್ಲಿಸಲಾಗಿದೆ. ಹತ್ತು ವರ್ಷದ ಹಿಂದೆ ಚುಚ್ಚಿಸಿಕೊಂಡಿದ್ದೇವೆ ಎಂಬ ಧೈರ್ಯ ಬೇಡ.

ಓಟವೇ ಬೇಡದವರೂ ಇದ್ದಾರೆ. ಎಳೆಯ ಮಕ್ಕಳು, ವೃದ್ಧರು, ಅಜೀರ್ಣವಿರುವವರು, ವಾತಪಿತ್ತದ ರೋಗಿಗಳು ಎಂದು ಗ್ರಂಥದಲ್ಲಿದೆ. ಇದಕ್ಕೆ ನಾವು ಹೃದಯದ ತೊಂದರೆ ಕಂಡವರನ್ನು, ನಲವತ್ತು ದಾಟಿ ಇದುವರೆಗೆ ಓಡದೇ ಇದ್ದವರನ್ನು, ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾದವರನ್ನು ಸೇರಿಸುತ್ತೇವೆ. ಇವರು ವೈದ್ಯರಿಗೆ ತೋರಿಸಿಕೊಂಡು, ಅದೇ ಏರಿಯ ಮೇಲೆ ನಡೆಯಲಿ. ಪಾದದ ಸ್ಪರ್ಶ ಹೋದವರು ಬರಿಗಾಲಿನಲ್ಲಿ ಹುಲ್ಲಿನ ಮೇಲೆ ನಡೆಯಿರಿ ಎಂಬ ಸಲಹೆಗೆ ಕಿವಿಗೊಡಬಾರದು. ಮುಳ್ಳು ಚುಚ್ಚಿದ್ದು ತಿ‌ಳಿಯದೆ ಕಾಲನ್ನೇ ಕಳೆದುಕೊಂಡವರನ್ನು ಕಂಡಿದ್ದೇವೆ. ಓಟ ಅಥವಾ ನಡಿಗೆ ಮುಗಿದ ಮೇಲೆ ಮೈಯನ್ನು ಹಿತವಾಗುವಂತೆ ಎಲ್ಲ ಕಡೆ ತಿಕ್ಕಿಕೊಳ್ಳಬೇಕೆಂದು ವಾಗ್ಭಟರು ಹೇಳಿದ್ದಾರೆ. ಐದು ನಿಮಿಷದ ಕೆಲಸ. ಮೀನಖಂಡ ಮತ್ತು ತೊಡೆಗಳನ್ನು ಕೆಳಗಿನಿಂದ ಮೇಲಕ್ಕೆ ಒತ್ತಿ ತಿಕ್ಕಿದರೆ ಮರುದಿನದ ನೋವು ಅರ್ಧ ಇಳಿಯುತ್ತದೆ. ಬೆವರು ಆರಿದ ಮೇಲೆ ಸ್ನಾನ.

ಕಳೆದ ವಾರ ಆ ತರುಣ ಫೋನ್ ಮಾಡಿದ್ದ. ಪ್ಲಾಸ್ಟರ್ ಇನ್ನೂ ತೆಗೆದಿಲ್ಲ. ಸೈಕಲ್ಲನ್ನು ತಮ್ಮ ತಳ್ಳಿದನಂತೆ, ಸುತ್ತು ಎಣಿಸಿದವನು ಇವನು. ಅವರ ಊರ ಕೆರೆ ಏರಿ ಒಂದು ತುದಿಯಿಂದ ಇನ್ನೊಂದಕ್ಕೆ 410 ಮೀಟರ್. ಎರಡು ಸಲ ಹೋಗಿ ಬಂದರೆ 1640 ಆಗುತ್ತದೆ ಸರ್, ಹೆಚ್ಚಿನ ನಲವತ್ತು ಮೀಟರ್ ಏನು ಮಾಡಲಿ ಎಂದು ಕೇಳಿದ. ಅದನ್ನು ನಡೆದುಬಿಡು ಎಂದೆವು.